ಹಳೆ ಜೀಪಿಗೆ ಹೊಸ ಎಂಜಿನ್: ಕೂರಿಸುವುದು ಸುಲಭ, ಹೊಂದಿಸುವುದು ಕಷ್ಟ

ಬಂಟ್ವಾಳ: ಬೆಳ್ತಂಗಡಿಯಿಂದ ಘಟ್ಟದ ಬುಡದ ಹಳ್ಳಿಗಳಿಗೂ ಮೂಡುಬಿದಿರೆ ಸುತ್ತಲಿನ ತೋಟಗಳಿಗೂ ಬಸ್ಸು ತಲುಪದ ಕಾಲದಲ್ಲಿ ಜೀಪು ತಲುಪುತ್ತಿತ್ತು. ಸರ್ವೀಸ್ ಜೀಪಾಗಿ ಜನರನ್ನು, ಹಿಂಬದಿ ತೆರೆದ ಪಿಕಪ್ ಆಗಿ ಅಡಿಕೆ, ರಬ್ಬರ್, ಗೊಬ್ಬರವನ್ನು ಹೊತ್ತ ಈ ವಾಹನಗಳ ಪೈಕಿ ಇಂದಿಗೂ ಉಳಿದಿರುವ ಹಲವದರ ಬಾನೆಟ್ಟಿನಡಿ ಇರುವುದು ಕಾರ್ಖಾನೆಯಿಂದ ಬಂದ ಎಂಜಿನ್ ಅಲ್ಲ.

1945ರಲ್ಲಿ ಸ್ಥಾಪನೆಯಾದ ಮಹೀಂದ್ರ ಕಂಪನಿ ಸ್ವಾತಂತ್ರ್ಯಾನಂತರ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿತು. 1953ರಲ್ಲಿ ಅಮೆರಿಕದಲ್ಲಿ ಹೊರಬಂದ ಸಿಜೆ-3ಬಿ ಮಾದರಿಯನ್ನು ಇಲ್ಲಿ ದಶಕಗಳ ಕಾಲ ತಯಾರಿಸಿತು. ಅದರಲ್ಲಿದ್ದುದು 2.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಮೂರು ಗೇರು. ಎಂಜಿನ್ ಗಟ್ಟಿಯಾದರೂ ಪೆಟ್ರೋಲ್ ಕುಡಿಯುವುದರಲ್ಲಿ ಜಿಪುಣತನ ತೋರದು. ಬಾಡಿಗೆಗೆ ಓಡಿಸುವವನಿಗೆ ಇದು ಹೊರೆಯಾದಾಗ ಡೀಸೆಲ್ ಎಂಜಿನ್ ಕೂರಿಸುವ ರೂಢಿ ಬೆಳೆಯಿತು. ಇಂದು ಈ ಕೆಲಸಕ್ಕೆ ಕೈಹಾಕುವವರಿಗೆ ಉಳಿತಾಯಕ್ಕಿಂತ ಬಿಡಿಭಾಗದ ಲಭ್ಯತೆಯೇ ಮುಖ್ಯ ಕಾರಣ.

ಬಳಕೆಯಲ್ಲಿ ಹೆಚ್ಚು ಕಾಣುವುದು ಮಹೀಂದ್ರದ್ದೇ ಹಳೆಯ ಡೀಸೆಲ್‌ಗಳು: ಪ್ಯೂಜೋ ವಿನ್ಯಾಸದ 2,112 ಸಿಸಿ ಎಂಜಿನ್ ಮತ್ತು 2,523 ಸಿಸಿಯ ಡಿಐ. ಕಾಮನ್ ರೈಲ್ ಎಂಜಿನ್‌ಗಳು ಶಕ್ತಿಶಾಲಿಯಾದರೂ ಅವುಗಳೊಂದಿಗೆ ಕಂಪ್ಯೂಟರ್, ಸೆನ್ಸರ್, ಉದ್ದನೆಯ ವೈರಿಂಗ್ ಎಲ್ಲವೂ ಬರುತ್ತವೆ. ನಾಲ್ಕು ತಿಂಗಳು ಮಳೆ ಸುರಿಯುವ ಊರಿನಲ್ಲಿ, ತೆರೆದ ಜೀಪಿನಲ್ಲಿ, ಯಾಂತ್ರಿಕ ಪಂಪಿನ ಎಂಜಿನ್ನೇ ವಾಸಿ.

ಎಂಜಿನ್ ಇಳಿಸಿ ಚಾಸಿಗೆ ಮೌಂಟಿಂಗ್ ಬೆಸುಗೆ ಹಾಕುವುದು ಕೆಲಸದ ಸುಲಭ ಭಾಗ. ತೊಡಕು ಅಲ್ಲಿಂದ ಹಿಂದಕ್ಕಿದೆ. ಹಳೆ ಜೀಪಿನ ಹಿಂದಿನ ಡಿಫರೆನ್ಷಿಯಲ್ ನಡುಮಧ್ಯದಲ್ಲಿಲ್ಲ, ಬಲಕ್ಕೆ ಸರಿದಿದೆ. ಫೋರ್ ವೀಲ್ ಗೇರ್ ಪೆಟ್ಟಿಗೆಯ ಶಾಫ್ಟ್ ಕೂಡ ಬಲಬದಿಯಿಂದಲೇ ಹೊರಡುತ್ತದೆ. ಬೇರೆ ವಾಹನದ ಗೇರ್ ಬಾಕ್ಸ್ ತಂದರೆ ಅದು ಆ ಪೆಟ್ಟಿಗೆಗೆ ಕೂಡಬೇಕು, ಇಲ್ಲವೇ ಎರಡೂ ಆಕ್ಸಲ್‌ಗಳನ್ನು ಬದಲಿಸಬೇಕು. ಹೀಗಾಗಿ ಎಂಜಿನ್ ಬೆಲೆ ಮಾತ್ರ ವಿಚಾರಿಸಿ ಹೊರಟವರ ಲೆಕ್ಕ ತಪ್ಪುತ್ತದೆ.

ಹಳೆಯ ಮೂರು ಗೇರಿನ ಪೆಟ್ಟಿಗೆಯನ್ನೇ ಉಳಿಸಿಕೊಂಡರೆ ಬೇರೊಂದು ಸಮಸ್ಯೆ. ಅದರ ಮೊದಲ ಗೇರಿಗೆ ಸಿಂಕ್ರೊಮೆಶ್ ಇಲ್ಲ. ಏರಿನಲ್ಲಿ ಮತ್ತೆ ಒಂದನೇ ಗೇರಿಗೆ ಇಳಿಯಬೇಕಾದರೆ ಡಬಲ್ ಕ್ಲಚ್ ಹಾಕುವ ಕಲೆ ಬೇಕು. ಸಿಜೆ-3ಬಿಯ ಆಕ್ಸಲ್ ಅನುಪಾತ 5.38. ಅಂದರೆ ಟಾಪ್ ಗೇರಿನಲ್ಲಿ ಎಂಜಿನ್ 5.38 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. 16 ಇಂಚಿನ ಮೂಲ ಟೈರುಗಳೊಂದಿಗೆ 3,000 ಆರ್‌ಪಿಎಂನಲ್ಲಿ ಜೀಪಿನ ವೇಗ ಗಂಟೆಗೆ ಸುಮಾರು 74 ಕಿ.ಮೀ. ಮಾತ್ರ. ಮಂಗಳೂರು-ಬಿ.ಸಿ.ರೋಡ್ ಹೆದ್ದಾರಿಯಲ್ಲಿ ಆ ವೇಗದಲ್ಲಿ ಡೀಸೆಲ್ ಎಂಜಿನ್ ಅರಚುತ್ತಲೇ ಇರುತ್ತದೆ. ಐದನೇ ಗೇರು ಓವರ್‌ಡ್ರೈವ್ ಆಗಿರುವ ಪೆಟ್ಟಿಗೆ ಹಾಕಿದಾಗ ಮಾತ್ರ ಅದಕ್ಕೆ ಉಸಿರಾಡಲು ಬಿಡುವು. ಇತ್ತ ಉಜಿರೆ ದಾಟಿ ಚಾರ್ಮಾಡಿ ಏರಿಗೆ ಬಂದರೆ ಅದೇ 5.38 ವರವಾಗುತ್ತದೆ. ಆದುದರಿಂದ ಜೀಪು ಎಲ್ಲಿ ಓಡಬೇಕು ಎಂಬುದನ್ನು ಗೇರ್ ಬಾಕ್ಸ್ ಕೊಳ್ಳುವ ಮೊದಲೇ ನಿರ್ಧರಿಸಬೇಕು.

ಸಣ್ಣಪುಟ್ಟವೆಂದು ಬಿಟ್ಟುಬಿಡುವ ಸಂಗತಿಗಳೇ ನಂತರ ಕಾಡುತ್ತವೆ. ಡೀಸೆಲ್ ಪಂಪಿನಿಂದ ಮಿಕ್ಕ ಇಂಧನ ಟ್ಯಾಂಕಿಗೆ ಮರಳಲು ಪ್ರತ್ಯೇಕ ಪೈಪು ಬೇಕು. ಪೆಟ್ರೋಲ್ ಟ್ಯಾಂಕಿನಲ್ಲಿ ಅದಿಲ್ಲ. ಹಳೆಯ ಜೀಪಿನ ವೈಪರ್ ಎಂಜಿನ್ನಿನ ವ್ಯಾಕ್ಯೂಮ್‌ನಿಂದ ನಡೆಯುತ್ತಿತ್ತು. ಡೀಸೆಲ್ ಎಂಜಿನ್ ಅಂತಹ ವ್ಯಾಕ್ಯೂಮ್ ಕೊಡದ ಕಾರಣ ಆಷಾಢದ ಮಳೆಯಲ್ಲಿ ವೈಪರ್ ನಿಂತೇಬಿಡುತ್ತದೆ. ವಿದ್ಯುತ್ ಚಾಲಿತ ವೈಪರ್, ಬ್ರೇಕ್ ಬೂಸ್ಟರ್ ಇದ್ದರೆ ಅದಕ್ಕೊಂದು ವ್ಯಾಕ್ಯೂಮ್ ಪಂಪ್, 6 ವೋಲ್ಟಿನ ವ್ಯವಸ್ಥೆಯಿದ್ದರೆ 12 ವೋಲ್ಟಿಗೆ ಬದಲಾವಣೆ, ಹೆಚ್ಚಿದ ಭಾರಕ್ಕೆ ಮುಂದಿನ ಲೀಫ್ ಸ್ಪ್ರಿಂಗ್ ಬಲಪಡಿಸುವಿಕೆ ಅನಿವಾರ್ಯ. ಎಂಜಿನ್ ಬದಲಿಸಿ ಹಳೆಯ ಡ್ರಮ್ ಬ್ರೇಕನ್ನು ಹಾಗೆಯೇ ಬಿಡುವುದು ಮಾತ್ರ ಅಕ್ಷಮ್ಯ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು 2000ದ ತಿದ್ದುಪಡಿಯ ಬಳಿಕ ಬಿಗಿಯಾಯಿತು: ತಯಾರಕರು ನಮೂದಿಸಿದ ವಿವರಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ ಹಾಕಿ ಅದರ ಸಂಖ್ಯೆಯನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳುವುದು ಬೇರೆ ಮಾತು. ಪೆಟ್ರೋಲ್ ಜೀಪಿಗೆ ಗುಜರಿಯ ಡೀಸೆಲ್ ಎಂಜಿನ್ ಕೂರಿಸುವುದು ಬೇರೆಯೇ ಮಾತು. ಹಿಂದಿನ ನಿಯಮದಂತೆ ಆರ್‌ಟಿಒ ಒಪ್ಪಿಗೆ ಪಡೆದು, ಆರ್‌ಸಿಯಲ್ಲಿ ಡೀಸೆಲ್ ಎಂದು ದಾಖಲಾಗಿರುವ ಜೀಪುಗಳಿಗೆ ಇಂದು ಬೇಡಿಕೆ ಹೆಚ್ಚಲು ಇದೇ ಕಾರಣ.

2021ರ ಜುಲೈಯಲ್ಲಿ ಬಂದ ವಿಂಟೇಜ್ ನಿಯಮ ಮಾಲೀಕರನ್ನು ಇನ್ನೊಂದು ಕವಲಿನಲ್ಲಿ ನಿಲ್ಲಿಸಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ 20,000 ರೂ. ಶುಲ್ಕದಲ್ಲಿ 'ವಿಎ' ಅಕ್ಷರಗಳುಳ್ಳ ಹತ್ತು ವರ್ಷಗಳ ನೋಂದಣಿ ದೊರೆಯುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಪ್ರದರ್ಶನ, ರ‍್ಯಾಲಿಯಂತಹ ಸಂದರ್ಭಗಳನ್ನು ಬಿಟ್ಟು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಹಳೆಯ ವಾಹನಗಳನ್ನು ಕಂಡು ಆಸೆಪಟ್ಟವರು ಈ ದಾರಿ ಹಿಡಿಯಬಹುದು. ತೋಟದಿಂದ ಅಡಿಕೆ ತರಬೇಕಾದವನಿಗೆ ಅದು ಪ್ರಯೋಜನವಿಲ್ಲ. ಒಮ್ಮೆ ಹೊಸ ಎಂಜಿನ್ನಿಗಾಗಿ ಚಾಸಿ ಕತ್ತರಿಸಿದರೆ ವಿಂಟೇಜ್ ದಾರಿಯೂ ಮುಚ್ಚಿದಂತೆಯೇ.

ಇಳಿಸಿದ ಮೂಲ ಎಂಜಿನನ್ನು ಗುಜರಿಗೆ ತೂಕಕ್ಕೆ ಹಾಕುವುದು ಸಾಮಾನ್ಯ. ಅದರ ಸಂಖ್ಯೆಯೇ ಆರ್‌ಸಿಯಲ್ಲಿರುವುದು. ಕೊಳ್ಳುವವರು ಟಾರ್ಚ್ ಹಿಡಿದು ಎಂಜಿನ್ ಬ್ಲಾಕಿನ ಸಂಖ್ಯೆಯನ್ನೂ ಚಾಸಿಯ ಸಂಖ್ಯೆಯನ್ನೂ ಆರ್‌ಸಿಯೊಂದಿಗೆ ತಾಳೆ ನೋಡಿದ ಮೇಲಷ್ಟೇ ಮುಂಗಡ ಕೊಡಬೇಕು.