ಶೃಂಗವೇರ ಶಬ್ದದ ಅರ್ಥವಿಚಾರ

ನಮ್ಮ ಹಳೆಯ ವೈದ್ಯಗ್ರಂಥಗಳನ್ನು ಸಂಪಾದಿಸುವವರಿಗೂ ಪಾಠ ಹೇಳುವವರಿಗೂ ಮೇಲಿಂದ ಮೇಲೆ ಎದುರಾಗುವ ಶಬ್ದಗಳಲ್ಲಿ ಶೃಂಗವೇರವೆಂಬುದೊಂದು. ಅದಕ್ಕೆ ‘ಶುಂಠಿ’ ಎಂದು ಅರ್ಥ ಬರೆದು ಮುಂದೆ ಸಾಗುವುದೇ ರೂಢಿಯಾಗಿದೆ. ಸಂಸ್ಕೃತದಲ್ಲಿ ಶುಂಠಿಯೆಂದರೆ ಒಣಗಿದ ಕಂದ ಮಾತ್ರ, ಹಸಿಯದು ಆರ್ದ್ರಕ. ತೆಲುಗರಲ್ಲಿ ಅಲ್ಲಮು, ಶೊಂಠಿ ಎಂದೂ ತಮಿಳರಲ್ಲಿ ಇಂಜಿ, ಸುಕ್ಕು ಎಂದೂ ಈ ಭೇದವು ನೆಲೆನಿಂತಿರುವುದು. ಕರ್ಣಾಟಕದ ಉತ್ತರಭಾಗದಲ್ಲಿಯೂ ಹಸಿಯದನ್ನು ಅಲ್ಲವೆನ್ನುವರು. ದಕ್ಷಿಣದ ಕನ್ನಡದಲ್ಲಾದರೋ ಒಂದೇ ಹೆಸರು ಎರಡಕ್ಕೂ ಸಂದು, ಹಸಿ, ಒಣ ಎಂಬ ವಿಶೇಷಣಗಳಿಂದಲೇ ಭೇದವನ್ನು ತಿಳಿಯಬೇಕಾಗಿದೆ.

ಇದು ಬರಿಯ ನಿಘಂಟಿನ ಚರ್ಚೆಯಲ್ಲ. ಶಾರ್ಙ್ಗಧರನು ದ್ರವವನ್ನು ಹೀರಿ ಮಲವನ್ನು ಕಟ್ಟುವ ‘ಗ್ರಾಹಿ’ ದ್ರವ್ಯಗಳಿಗೆ ಜೀರಿಗೆಯೊಡನೆ ಶುಂಠಿಯನ್ನೂ ಉದಾಹರಿಸಿದ್ದಾನೆ. ಭಾವಮಿಶ್ರನು ಕ್ರಿ. ಶ. 16ನೆಯ ಶತಮಾನದ ತನ್ನ ಭಾವಪ್ರಕಾಶದಲ್ಲಿ ಆರ್ದ್ರಕವನ್ನು ಭೇದಿನಿಯೆಂದು, ಎಂದರೆ ಮಲವನ್ನು ಸಡಿಲಿಸುವುದೆಂದು, ಹೇಳುತ್ತಾನೆ. ಒಣಗಿದುದು ಲಘು ಮತ್ತು ಸ್ನಿಗ್ಧ, ಹಸಿಯದು ಗುರು ಮತ್ತು ರೂಕ್ಷ ಎಂಬುದು ಅವನ ಮತ. ಶುಂಠಿಯ ಗುಣಗಳೆಲ್ಲವೂ ಆರ್ದ್ರಕದಲ್ಲಿಯೂ ಉಂಟೆಂದು ಅವನೇ ಒಪ್ಪಿದ್ದರೂ, ಅತಿಸಾರದ ಯೋಗವೊಂದರಲ್ಲಿ ಶೃಂಗವೇರವನ್ನು ಹಸಿಯದೆಂದು ಭಾವಿಸಿದವನು ಶಾಸ್ತ್ರದ ಆಶಯಕ್ಕೆ ವಿರುದ್ಧವಾಗಿ ನಡೆಯುವನಷ್ಟೆ. ಒಣಗಿಸುವಾಗ ಹಸಿಕಂದದ ಜಿಂಜರಾಲ್ ಎಂಬ ಕಟುದ್ರವ್ಯದ ಒಂದಂಶವು ಅದಕ್ಕಿಂತಲೂ ಖಾರವಾದ ಶೋಗಾಲ್ ಆಗಿ ಮಾರ್ಪಡುವುದೆಂದು ಇಂದಿನ ರಸಾಯನಜ್ಞರೂ ಕಂಡುಕೊಂಡಿದ್ದಾರೆ.

ಹಾಗಾದರೆ ಶೃಂಗವೇರವು ಎರಡರಲ್ಲಿ ಯಾವುದು? ಅಮರಸಿಂಹನು ಆರ್ದ್ರಕಕ್ಕೆ ಪರ್ಯಾಯವಾಗಿ ಅದನ್ನು ಹೇಳಿ, ಶುಂಠಿಗೆ ಮಹೌಷಧ, ವಿಶ್ವ, ನಾಗರ, ವಿಶ್ವಭೇಷಜಗಳೆಂಬ ಹೆಸರುಗಳನ್ನು ಪ್ರತ್ಯೇಕಿಸಿ ಕೊಟ್ಟಿರುವನು. ಭಾವಪ್ರಕಾಶದಲ್ಲಿಯಾದರೋ ಶೃಂಗವೇರವು ಎರಡು ಪಟ್ಟಿಗಳಲ್ಲಿಯೂ ಸೇರಿದೆ. ಈ ಸಂದಿಗ್ಧತೆಯು ಬಹಳ ಹಿಂದಿನದೆಂಬುದಕ್ಕೆ ವೈದ್ಯಕ್ಕೆ ಹೊರಗಿನ ಗ್ರಂಥವೊಂದು ಸಾಕ್ಷಿಯಾಗಿರುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವರ್ಜ್ಯವಸ್ತುಗಳನ್ನು ಹೇಳುವಾಗ ಶೃಂಗವೇರಕ್ಕೆ ‘ಆರ್ದ್ರ’ವೆಂಬ ವಿಶೇಷಣವನ್ನು ಕೂಡಿಸಿದ್ದಾರೆ. ಆ ಶಬ್ದಕ್ಕೆ ಹಸಿಯದೆಂಬ ಅರ್ಥವೊಂದೇ ಇದ್ದಿದ್ದರೆ ಈ ವಿಶೇಷಣವು ವ್ಯರ್ಥವಾಗುತ್ತಿತ್ತು.

ಶಬ್ದದ ಮೂಲದ ವಿಷಯದಲ್ಲಿ, ಕೊಂಬಿನ ಆಕಾರವುಳ್ಳದ್ದೆಂಬ ವ್ಯುತ್ಪತ್ತಿಯು ಸೊಗಸಾಗಿದ್ದರೂ ನಂಬತಕ್ಕುದಲ್ಲ. ಪಾಲಿಯಲ್ಲಿ ಇದು ಸಿಂಗಿವೇರ; ಗ್ರೀಕರಲ್ಲಿ ಜಿಂಗಿಬೆರಿಸ್. ಉತ್ತರಪದದಲ್ಲಿರುವುದು ನಮ್ಮ ‘ಬೇರು’, ತಮಿಳಿನ ‘ವೇರ್’ ಎಂದೂ, ಪೂರ್ವಪದವು ‘ಇಂಜಿ’ಯ ಪ್ರಾಚೀನ ರೂಪವೆಂದೂ ಭಾಷಾಶಾಸ್ತ್ರಜ್ಞರು ಊಹಿಸಿರುವುದೇ ಯುಕ್ತವಾಗಿ ತೋರುವುದು. ಸಂಸ್ಕೃತಪಾಠಶಾಲೆಯಲ್ಲಿ ಓದಿದವರಿಗೆ ಇದು ರುಚಿಸದಿರಬಹುದು.

ಜೈನಾಚಾರದ ಈ ನಿಷೇಧವು ಕನ್ನಡ ಗ್ರಂಥಗಳಿಗೂ ಉಪಯುಕ್ತವಾದುದು. 12ನೆಯ ಶತಮಾನದಲ್ಲಿ ಗೋವೈದ್ಯವನ್ನು ಬರೆದ ಕೀರ್ತಿವರ್ಮನೂ, 14ನೆಯ ಶತಮಾನದಲ್ಲಿ ವಿಷವೈದ್ಯವನ್ನು ಕುರಿತ ಖಗೇಂದ್ರಮಣಿದರ್ಪಣವನ್ನು ರಚಿಸಿದ ಮಂಗರಾಜನೂ ಜೈನರು. ಅಮರಕೋಶದಲ್ಲಿ ‘ಮಹೌಷಧ’ವೆಂಬುದು ಶುಂಠಿಗೂ ಬೆಳ್ಳುಳ್ಳಿಗೂ ಸಮಾನವಾದ ಹೆಸರು. ಬೆಳ್ಳುಳ್ಳಿಯನ್ನೂ ಹಸಿಶುಂಠಿಯನ್ನೂ ವರ್ಜಿಸುವ ಜೈನರು ಒಣಶುಂಠಿಯನ್ನು ಬಳಸುವರು. ಆದುದರಿಂದ ಜೈನಕರ್ತೃಕವಾದ ಗ್ರಂಥದಲ್ಲಿ, ಮನುಷ್ಯರು ಸೇವಿಸುವ ಯೋಗದೊಳಗೆ, ಮಹೌಷಧವೆಂದಾಗಲಿ ಬರಿಯ ಶೃಂಗವೇರವೆಂದಾಗಲಿ ಬಂದು ಬೇರೆ ಸೂಚನೆಯಿಲ್ಲದಿದ್ದರೆ ಒಣಶುಂಠಿಯನ್ನೇ ಮೊದಲು ಗ್ರಹಿಸಬೇಕು. ಲೇಪಕ್ಕೂ ಗೋವುಗಳ ಚಿಕಿತ್ಸೆಗೂ ಈ ನ್ಯಾಯವನ್ನು ಅಷ್ಟು ಬಿಗಿಯಾಗಿ ಅನ್ವಯಿಸಲಾಗದು. ಅಲ್ಲಿ ‘ರಸ’ವೆಂದಿದೆಯೋ ‘ಚೂರ್ಣ’ವೆಂದಿದೆಯೋ ಎಂಬುದನ್ನೇ ನೋಡಬೇಕಾಗುವುದು.