ಬ್ರೈಟನ್: ಕಡಲತೀರದ ಊರಿನಲ್ಲಿ ಭಾರತೀಯರ ಹೆಜ್ಜೆಗುರುತುಗಳು

ಬೇಸಿಗೆಯ ರಜೆ ಬಂತೆಂದರೆ ಲಂಡನ್ ಸುತ್ತಮುತ್ತಲಿನ ನಮ್ಮ ಕುಟುಂಬಗಳಲ್ಲಿ ಬ್ರೈಟನ್ನಿನ ಮಾತು ಬಾರದೆ ಇರುವುದಿಲ್ಲ. ಬುತ್ತಿ ಕಟ್ಟಿಕೊಂಡು ರೈಲು ಹತ್ತಿದರೆ ಸುಮಾರು ಒಂದು ಗಂಟೆಯ ಪ್ರಯಾಣ. ಉರುಟುಗಲ್ಲುಗಳ ದಂಡೆಯ ಮೇಲೆ ಕುಳಿತು, 1899ರಲ್ಲಿ ತೆರೆದ ಪ್ಯಾಲೇಸ್ ಪಿಯರಿನಲ್ಲಿ ಮಕ್ಕಳನ್ನು ಆಡಿಸಿ, ಸಂಜೆಗೆ ಮನೆ ಸೇರುತ್ತೇವೆ. ದಾರಿಯಲ್ಲಿ ರಾಯಲ್ ಪೆವಿಲಿಯನ್ನಿನ ಗುಮ್ಮಟಗಳನ್ನು ಕಂಡ ಮಕ್ಕಳು, ಇಂಗ್ಲೆಂಡಿನ ಕಡಲತೀರದಲ್ಲಿ ಇಂಡಿಯಾದ ಅರಮನೆ ಏಕಿದೆ ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಊರಿನ ಇತಿಹಾಸವೇ ತೆರೆದುಕೊಳ್ಳುತ್ತದೆ. ಅದು ಬಹುಮಟ್ಟಿಗೆ ವೈದ್ಯಕೀಯದ ಇತಿಹಾಸ. ಅದರಲ್ಲಿ ಭಾರತೀಯರ ಪಾಲು ನಾವು ಎಣಿಸುವುದಕ್ಕಿಂತ ದೊಡ್ಡದು.

ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿ ಇದು ಬ್ರೈಟ್‌ಹೆಲ್ಮ್‌ಸ್ಟನ್ ಎಂಬ ಹೆಸರಿನ, ಮೀನುಗಾರಿಕೆಯನ್ನು ನೆಚ್ಚಿದ ಸಣ್ಣ ಊರು. ನೆರೆಯ ಲೂಯಿಸ್ ಪಟ್ಟಣದ ವೈದ್ಯರಾದ ರಿಚರ್ಡ್ ರಸೆಲ್ ಅವರು ಗ್ರಂಥಿಗಳ ರೋಗಕ್ಕೆ ಸಮುದ್ರದ ನೀರೇ ಮದ್ದೆಂದು ಪ್ರತಿಪಾದಿಸಿ 1750ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಆ ನೀರಿನಲ್ಲಿ ಮೀಯುವುದಷ್ಟೇ ಅಲ್ಲ, ಅದನ್ನು ಕುಡಿಯುವುದೂ ಅವರ ಚಿಕಿತ್ಸೆಯ ಭಾಗವಾಗಿತ್ತು. ಇಂದಿನ ವೈದ್ಯರು ಯಾರೂ ಒಪ್ಪದ ಈ ಉಪಚಾರವನ್ನರಸಿ ಸಿರಿವಂತರು ಬಂದರು. ಅವರಿಗಾಗಿ ವಸತಿಗೃಹಗಳು ಎದ್ದವು. 1783ರಲ್ಲಿ ಮೊದಲ ಬಾರಿಗೆ ಬಂದ ಯುವರಾಜ ಜಾರ್ಜ್‌ಗೂ ಕತ್ತಿನ ಗ್ರಂಥಿಗಳ ಬಾವಿಗೆ ಸಮುದ್ರಸ್ನಾನದ ಸಲಹೆ ದೊರೆತಿತ್ತು. ಆತ ಇಲ್ಲಿ ಕಟ್ಟಿಸಿಕೊಂಡ ಮನೆಯನ್ನು 1815ರಿಂದಾಚೆಗೆ ವಾಸ್ತುಶಿಲ್ಪಿ ಜಾನ್ ನ್ಯಾಶ್ ಇಂದು ನಾವು ಕಾಣುವ ಪೆವಿಲಿಯನ್ನಾಗಿ ಮಾರ್ಪಡಿಸಿದರು. ಹೊರಗೆ ಭಾರತೀಯ ಶೈಲಿ, ಒಳಗೆ ಚೀನೀ ಅಲಂಕಾರ. ನ್ಯಾಶ್ ಭಾರತವನ್ನು ಕಣ್ಣಾರೆ ಕಂಡವರಲ್ಲ. ಭಾರತದ ಕಟ್ಟಡಗಳನ್ನು ಅವರು ಅರಿತದ್ದು ಚಿತ್ರಗಳ ಮೂಲಕ.

ಅದೇ ಕಾಲದಲ್ಲಿ ನಿಜವಾದ ಭಾರತೀಯರೊಬ್ಬರು ಇಲ್ಲಿಗೆ ಬಂದು ನೆಲೆಸಿದರು. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮದ್ ಅವರು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದೊಡನೆ ಅಲೆದು, ಐರ್ಲೆಂಡಿಗೆ ಬಂದು, 1794ರಲ್ಲಿ ತಮ್ಮ ಪ್ರವಾಸಕಥನವನ್ನು ಪ್ರಕಟಿಸಿದರು. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕವದು. 1810ರಲ್ಲಿ ಲಂಡನ್ನಿನಲ್ಲಿ ಅವರು ತೆರೆದ ಭಾರತೀಯ ಊಟದ ಮನೆ ನಷ್ಟಕ್ಕೀಡಾಗಿ, ಎರಡು ವರ್ಷಗಳಲ್ಲಿ ದಿವಾಳಿಯಾದರು. ಅನಂತರ ಬ್ರೈಟನ್ನಿನಲ್ಲಿ ಹಬೆಸ್ನಾನ ಮತ್ತು ಅಂಗಮರ್ದನದ ಗೃಹವನ್ನು ನಡೆಸಿದರು. ರೋಗಿ ಫ್ಲಾನೆಲ್ ಬಟ್ಟೆಯ ಗುಡಾರದೊಳಗೆ ಗಿಡಮೂಲಿಕೆಗಳ ಹಬೆಯಲ್ಲಿ ಕುಳಿತಿರುವಾಗ, ಹೊರಗಿನಿಂದ ತೋಳುಗಳ ಮೂಲಕ ಕೈ ತೂರಿಸಿ ಅಂಗಾಂಗಗಳನ್ನು ಒತ್ತಿ ತಿಕ್ಕುವುದು ಅವರ ಕ್ರಮ. ಎಣ್ಣೆ ನೀರು ಎರೆದುಕೊಂಡು ಬೆಳೆದ ನಮಗೆ ಇದರ ಸುಖವನ್ನು ವಿವರಿಸಬೇಕಾಗಿಲ್ಲ. ಇದನ್ನೇ ಇಂಗ್ಲಿಷರು ಆಗ 'ಶಾಂಪೂಯಿಂಗ್' ಎಂದು ಕರೆಯುತ್ತಿದ್ದರು. ಒತ್ತು ಎಂಬರ್ಥದ ಹಿಂದಿ ಪದದಿಂದ ಬಂದ ಈ ಮಾತು ತಲೆಗೂದಲಿನ ಸಾಬೂನಿಗೆ ಅಂಟಿದ್ದು ಬಹಳ ತಡವಾಗಿ. ನಾಲ್ಕನೆಯ ಜಾರ್ಜ್ ಮತ್ತು ನಾಲ್ಕನೆಯ ವಿಲಿಯಂ, ಇಬ್ಬರು ದೊರೆಗಳಿಗೂ ಅಂಗಮರ್ದಕರಾಗಿ ನೇಮಕಗೊಂಡ ಮಹಮದ್ 1851ರಲ್ಲಿ ತೀರಿಕೊಂಡರು. ಸೇಂಟ್ ನಿಕೊಲಸ್ ಚರ್ಚಿನ ಆವರಣದಲ್ಲಿ ಅವರ ಸಮಾಧಿಯಿದೆ. ಅವರ ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮದ್ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯರಾಗಿ, ಮೂತ್ರಪಿಂಡಗಳು ಕೆಡುವ ಮೊದಲೇ ರಕ್ತದೊತ್ತಡ ಏರಿರಬಹುದೆಂಬುದನ್ನು ಗುರುತಿಸಿದರು. ನಮ್ಮ ಮನೆಮನೆಯ ಹಿರಿಯರನ್ನು ಕಾಡುವ ಬಿಪಿಯ ತಿಳಿವಳಿಕೆಗೆ ಇದು ಮುಖ್ಯವಾದ ಹೆಜ್ಜೆ.

ಪೆವಿಲಿಯನ್ನಿನ ಕಥೆ ಮುಂದೆ ಬೇರೆ ತಿರುವು ಪಡೆಯಿತು. ವಿಕ್ಟೋರಿಯಾ ರಾಣಿಗೆ ಊರಿನ ಜನಜಂಗುಳಿ ಒಗ್ಗಲಿಲ್ಲ. 1850ರಲ್ಲಿ ಅರಮನೆ 53,000 ಪೌಂಡುಗಳಿಗೆ ಊರಿನ ಆಡಳಿತದ ಪಾಲಾಯಿತು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಫ್ರಾನ್ಸಿನ ಕಂದಕಗಳಲ್ಲಿ ಗಾಯಗೊಂಡ ಭಾರತೀಯ ಸೈನಿಕರನ್ನು ಇಲ್ಲಿಗೆ ಕರೆತಂದರು. ಪೆವಿಲಿಯನ್ ಮತ್ತು ಪಕ್ಕದ ಡೋಮ್ ಕಟ್ಟಡ ಆಸ್ಪತ್ರೆಯಾದವು. ಊರಿನ ಬಡವರ ದುಡಿಮನೆ ಕಿಚನರ್ ಆಸ್ಪತ್ರೆಯೆನಿಸಿತು. ಒಂದು ಶಾಲೆಯನ್ನೂ ಬಳಸಿಕೊಳ್ಳಲಾಯಿತು. ಈ ಆಸ್ಪತ್ರೆಗಳಲ್ಲಿ ಉಪಚಾರ ಪಡೆದ ಭಾರತೀಯರು 12,000ಕ್ಕೂ ಹೆಚ್ಚು. ಜಾತಿ ಮತಗಳ ಆಚಾರಕ್ಕೆ ಧಕ್ಕೆ ಬಾರದಂತೆ ಪೆವಿಲಿಯನ್ನಿನ ಆವರಣದಲ್ಲಿ ಒಂಬತ್ತು ಅಡುಗೆಮನೆಗಳಿದ್ದವು. ಹಿಂದೂಗಳಿಗೂ ಮುಸಲ್ಮಾನರಿಗೂ ನೀರಿನ ನಲ್ಲಿಗಳು ಬೇರೆ ಬೇರೆ.

ಈ ಕಾಳಜಿ ನಿಜವಾದದ್ದೇ. ಆದರೆ ಅದರ ಮಗ್ಗುಲಲ್ಲಿ ಇನ್ನೊಂದು ಸತ್ಯವೂ ಇದೆ. ದೊರೆ ತನ್ನ ಅರಮನೆಯನ್ನೇ ಸಿಪಾಯಿಗಳಿಗೆ ಬಿಟ್ಟುಕೊಟ್ಟನೆಂಬ ಭಾವನೆಯನ್ನು ಹರಡಲಾಯಿತು. ಆ ಹೊತ್ತಿಗೆ ಅರಮನೆ ಊರಿನ ಸ್ವತ್ತಾಗಿ ಆರು ದಶಕಗಳೇ ಕಳೆದಿದ್ದವು. ಆಸ್ಪತ್ರೆಯ ಚಿತ್ರಗಳೂ ವರ್ಣನೆಗಳೂ ಭಾರತದಲ್ಲಿ ಸಾಮ್ರಾಜ್ಯನಿಷ್ಠೆಯನ್ನು ಉಳಿಸಿಕೊಳ್ಳುವ ಸಾಧನವಾದವು. ಸೈನಿಕರು ಊರಿಗೆ ಬರೆದ ಕಾಗದಗಳನ್ನು ಅಧಿಕಾರಿಗಳು ಓದಿ ತಪಾಸಣೆ ಮಾಡುತ್ತಿದ್ದರು. ಗುಣಮುಖರಾದವರು ಊರಿನ ಜನರೊಡನೆ, ವಿಶೇಷವಾಗಿ ಬಿಳಿಯ ಹೆಂಗಸರೊಡನೆ, ಬೆರೆಯದಂತೆ ಬೇಲಿ ಹಾಕಲಾಗಿತ್ತು. ಕಿಚನರ್ ಆಸ್ಪತ್ರೆಯಲ್ಲಂತೂ ಭಾರತೀಯ ಸಿಬ್ಬಂದಿಯ ಓಡಾಟಕ್ಕೂ ನಿರ್ಬಂಧವಿತ್ತು. ಗಾಯಕ್ಕೆ ಕೊಟ್ಟ ಗೌರವವನ್ನು ಗಾಯಾಳುವಿಗೆ ಪೂರ್ತಿಯಾಗಿ ಕೊಡಲಿಲ್ಲವೆಂದೇ ವೈದ್ಯವೃತ್ತಿಯಲ್ಲಿರುವ ನಮಗೆ ತೋರುತ್ತದೆ.

ಉಳಿಯದವರೂ ಇದ್ದರು. ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ಖರಲ್ಲಿ 53 ಮಂದಿಯನ್ನು ಊರಿನ ಹೊರವಲಯದ ಪ್ಯಾಚಮ್ ಬಳಿಯ ಗುಡ್ಡದ ಮೇಲೆ ದಹನ ಮಾಡಿ, ಬೂದಿಯನ್ನು ಸಮುದ್ರಕ್ಕೆ ಬಿಡಲಾಯಿತು. ಮುಸಲ್ಮಾನರ ದೇಹಗಳನ್ನು ವೋಕಿಂಗ್ ಮಸೀದಿಯ ಸಮೀಪ ದಫನ ಮಾಡಿದರು. ದಹನಭೂಮಿಯಲ್ಲಿ ಬಿಳಿಯ ಅಮೃತಶಿಲೆಯ ಗುಮ್ಮಟವುಳ್ಳ ಸ್ಮಾರಕವೆದ್ದು, 1921ರ ಫೆಬ್ರವರಿ 1ರಂದು ಅನಾವರಣಗೊಂಡಿತು. ಅದರ ಹೆಸರು 'ಛತ್ರಿ'. ವಿನ್ಯಾಸ ಮುಂಬಯಿಯ ವಾಸ್ತುಶಿಲ್ಪಿ ಇ. ಸಿ. ಹೆನ್ರಿಕ್ಸ್ ಅವರದು. ಪೆವಿಲಿಯನ್ನಿನ ನ್ಯಾಶ್ ಗುಮ್ಮಟಗಳಂತಲ್ಲದೆ, ಇದು ಭಾರತದಿಂದ ಬಂದವರೇ ರೂಪಿಸಿದ ಗುಮ್ಮಟ. ಆದರೆ ಅಲ್ಲಿ ದಹನಗೊಂಡ 53 ಮಂದಿಯ ಹೆಸರುಗಳನ್ನು ಅದೇ ಜಾಗದಲ್ಲಿ ಕಲ್ಲಿನಲ್ಲಿ ಕಾಣಲು 2010ರವರೆಗೆ ಕಾಯಬೇಕಾಯಿತು.

ಫ್ರಾನ್ಸಿನಲ್ಲಿ ಕಾದಿದ ಈ ಸೈನಿಕರಲ್ಲಿ ಹೆಚ್ಚಿನವರು ಉತ್ತರ ಭಾರತದವರು, ಜೊತೆಗೆ ನೇಪಾಳದ ಗೂರ್ಖರು. ನಮ್ಮ ಭಾಷೆಯವರಲ್ಲವೆಂದು ಅವರನ್ನು ಪಕ್ಕಕ್ಕಿಡುವುದು ಸರಿಯಲ್ಲ. ಇಂದು ಈ ದೇಶದ ಆಸ್ಪತ್ರೆಗಳಲ್ಲಿ ಉಪಚಾರ ಮಾಡುವ, ಪಡೆಯುವ ನಮಗೆ ಅವರೂ ಹಿರಿಯರೇ.

ಮುಂದಿನ ಪ್ರವಾಸದಲ್ಲಿ ಪಿಯರ್ ಮತ್ತು ಪೆವಿಲಿಯನ್ನುಗಳ ಜೊತೆಗೆ ಸೇಂಟ್ ನಿಕೊಲಸ್ ಚರ್ಚಿಗೂ ಛತ್ರಿಗೂ ಸಮಯವಿಟ್ಟುಕೊಳ್ಳಬೇಕೆಂದು ನಮ್ಮ ಕೋರಿಕೆ. ಪೆವಿಲಿಯನ್ ತೋಟದ ದಕ್ಷಿಣ ದ್ವಾರವು ಈ ಉಪಚಾರದ ನೆನಪಿಗೆ ಭಾರತ ಕೊಟ್ಟ ಕಾಣಿಕೆ. 1921ರಲ್ಲಿ ಪಟಿಯಾಲದ ಮಹಾರಾಜರು ಅದನ್ನು ಅನಾವರಣ ಮಾಡಿದರು. ಛತ್ರಿಯವರೆಗೆ ವಾಹನ ಹೋಗದು. ಹುಲ್ಲುಗಾವಲಿನ ಏರುಹಾದಿಯಲ್ಲಿ ನಡೆಯಬೇಕು, ಗಾಳಿ ಬಲವಾಗಿರುತ್ತದೆ, ಬೆಚ್ಚನೆಯ ಉಡುಪೂ ಗಟ್ಟಿಯಾದ ಪಾದರಕ್ಷೆಯೂ ಇರಲಿ. ಪ್ರತಿವರ್ಷ ಜೂನ್ ತಿಂಗಳಲ್ಲಿ ಅಲ್ಲಿ ಸ್ಮರಣೆಯ ಸಭೆ ನಡೆಯುತ್ತದೆ. ಕಲ್ಲಿನ ಮೇಲಿನ ಹೆಸರುಗಳನ್ನು ಮಕ್ಕಳಿಂದ ಒಂದೊಂದಾಗಿ ಗಟ್ಟಿಯಾಗಿ ಓದಿಸಿ. 53 ಹೆಸರುಗಳಿಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.