ದೊಡ್ಡಬೆಟ್ಟದ ಮೇಲೆ ಹಿಡಿದ ಗ್ರಹಣ



1980ರ ಫೆಬ್ರವರಿ 16ರ ಮಧ್ಯಾಹ್ನ ಏನಾಯಿತೆಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಅಂದು ಚಂದ್ರನ ನೆರಳು ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲೂ ಬಿಸಿಲು ಮಂಕಾಯಿತು. ಬಾಗಿಲು ಹಾಕಿಕೊಂಡು ಒಳಗೆ ಕುಳಿತವರು ಅನೇಕರು. ಆದರೆ ಅದಕ್ಕೂ ನೂರು ವರ್ಷಗಳಿಗೆ ಹಿಂದೆಯೇ ದಕ್ಷಿಣ ಭಾರತದ ಒಂದು ಬೆಟ್ಟದ ತುದಿಯಲ್ಲಿ ಕೆಲವರು ಕ್ಯಾಮೆರಾ ಹೂಡಿಕೊಂಡು ಇಂಥದೇ ಕತ್ತಲೆಗಾಗಿ ಕಾದಿದ್ದರು. ಇಂದಿನ ಮಾತು ಅವರ ಬಗ್ಗೆ.

ಖಗ್ರಾಸ ಗ್ರಹಣದಲ್ಲಿ ಸೂರ್ಯನ ಬಿಂಬ ಪೂರ್ತಿ ಮರೆಯಾದಾಗ ಅದರ ಸುತ್ತ ಬೆಳ್ಳನೆಯ ಪ್ರಭಾವಲಯವೊಂದು ಕಾಣುತ್ತದೆ. ಅದೇ ಕರೋನ. ಇದು ಯಾರದು? ಸೂರ್ಯನದೇ, ಚಂದ್ರನದೇ, ಅಥವಾ ನಮ್ಮ ಭೂಮಿಯ ಗಾಳಿಯಲ್ಲಿ ಬೆಳಕು ಚದುರಿ ಹುಟ್ಟಿದ ಭ್ರಮೆಯೇ? ಹತ್ತೊಂಬತ್ತನೆಯ ಶತಮಾನದಲ್ಲಿ ಇದು ದೊಡ್ಡ ವಾದವಾಗಿತ್ತು. ಕಣ್ಣಿನಿಂದ ನೋಡಿ ಚಿತ್ರ ಬರೆದವರ ಮೇಲೆ ಭರವಸೆ ಇಡುವಂತಿರಲಿಲ್ಲ. ಅಕ್ಕಪಕ್ಕ ನಿಂತ ಇಬ್ಬರು ಬರೆದ ಚಿತ್ರಗಳೇ ಒಂದಕ್ಕೊಂದು ಹೋಲುತ್ತಿರಲಿಲ್ಲ.

1868ರ ಆಗಸ್ಟ್ 18ರ ಗ್ರಹಣದಲ್ಲಿ ನಮ್ಮ ನಾಡಿಗೂ ಪಾಲಿತ್ತು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ಲರ ಮೊಮ್ಮಗ ಜಾನ್ ಹರ್ಷೆಲ್ ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ರೋಹಿತದರ್ಶಕ ಹಿಡಿದು ಕುಳಿತಿದ್ದರು. ಮೋಡಗಳ ಸಂದಿಯಲ್ಲಿ ಸಿಕ್ಕ ಅಲ್ಪ ಸಮಯದಲ್ಲೇ ಸೂರ್ಯನ ಅಂಚಿನ ಜ್ವಾಲೆಗಳ ಹೊಳೆಯುವ ಗೆರೆಗಳನ್ನು ಕಂಡರು. ಆ ಜ್ವಾಲೆಗಳು ಕಾದ ಅನಿಲವೆಂದು ಅಂದು ಖಚಿತವಾಯಿತು. ಅದೇ ದಿನ ಗುಂಟೂರಿನಲ್ಲಿ ಸೇನಾಧಿಕಾರಿ ಟೆನೆಂಟ್ ಛಾಯಾಚಿತ್ರ ತೆಗೆದರು. ತೆಳು ಮೋಡ ಅವರನ್ನು ಕಾಡಿತು. ಕರೋನದ ಪ್ರಶ್ನೆ ಹಾಗೆಯೇ ಉಳಿಯಿತು.

ಮುಂದಿನ ಅವಕಾಶ ಬಂದದ್ದು 1871ರ ಡಿಸೆಂಬರ್ 12ರ ಬೆಳಿಗ್ಗೆ. ಈ ಸಲ ಟೆನೆಂಟ್ ನೀಲಗಿರಿಯ ದೊಡ್ಡಬೆಟ್ಟವನ್ನು ಆರಿಸಿಕೊಂಡರು. ಹೆಸರೇ ಹೇಳುವಂತೆ ಅದು ದೊಡ್ಡ ಬೆಟ್ಟ. ಎತ್ತರ 2,637 ಮೀಟರು. ಬೆಳಗಿನ ಸೂರ್ಯ ದಿಗಂತದಿಂದ ಹೆಚ್ಚು ಮೇಲೇರಿರುವುದಿಲ್ಲ. ಅಷ್ಟು ಎತ್ತರದಲ್ಲಿ ನಿಂತರೆ ದಟ್ಟವಾದ, ದೂಳು ತುಂಬಿದ ಗಾಳಿಯ ಬಹುಭಾಗ ಕಾಲ ಕೆಳಗೇ ಉಳಿಯುತ್ತದೆ.

ಅಂದಿನ ಛಾಯಾಗ್ರಹಣ ಎಷ್ಟು ಕಷ್ಟವೆಂದು ನೀವು ಊಹಿಸಿಕೊಳ್ಳಬೇಕು. ಫಿಲ್ಮ್ ಇರಲಿಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಸವರಿ, ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಒದ್ದೆಯಿರುವಾಗಲೇ ಕ್ಯಾಮೆರಾಕ್ಕೆ ಹಾಕಬೇಕು. ಒಣಗುವ ಮುನ್ನವೇ ಕತ್ತಲೆ ಕೋಣೆಗೆ ಒಯ್ದು ಸಂಸ್ಕರಿಸಬೇಕು. ಹಾಗಾಗಿ ಕತ್ತಲೆ ಕೋಣೆಯೂ ಬೆಟ್ಟದ ಮೇಲೇ ಬೇಕು. ಇಷ್ಟೆಲ್ಲಕ್ಕೆ ಸಿಗುವ ಪೂರ್ಣ ಕತ್ತಲೆ ಸುಮಾರು ಎರಡು ನಿಮಿಷ ಮಾತ್ರ. ಕೈ ತಪ್ಪಿದರೆ ಮತ್ತೊಮ್ಮೆ ಎನ್ನುವ ಮಾತಿಲ್ಲ.

ಅದೇ ನೆರಳಿನ ದಾರಿಯಲ್ಲಿ, ಸುಮಾರು 200 ಕಿಲೋಮೀಟರು ದೂರದ ಸಮುದ್ರತೀರದಲ್ಲಿ, ಇನ್ನೊಂದು ತಂಡವಿತ್ತು. ಕೆಳದಿ ನಾಯಕರು ಕಟ್ಟಿಸಿದ ಕಾಸರಗೋಡಿನ ಬೇಕಲ ಕೋಟೆ ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಅಲ್ಲಿಗೆ ಬಂದವರು ಇಂಗ್ಲೆಂಡಿನ ನಾರ್ಮನ್ ಲಾಕ್ಯರ್. ಛಾಯಾಚಿತ್ರದ ಹೊಣೆ ಡೇವಿಸ್ ಎಂಬವರದು. ರಾಹುವನ್ನು ಓಡಿಸಲೆಂದು ಊರವರು ಬೆಂಕಿ ಹೊತ್ತಿಸಿದಾಗ, ಹೊಗೆ ಸೂರ್ಯನನ್ನು ಮುಚ್ಚೀತೆಂದು ಪೊಲೀಸರು ಅದನ್ನು ಆರಿಸಬೇಕಾಯಿತು. ಒಂದೇ ಸೂರ್ಯನಿಗಾಗಿ ಇಬ್ಬರಿಗೂ ಆತಂಕ. ಆತಂಕದ ಕಾರಣ ಮಾತ್ರ ಬೇರೆ.

ಎರಡೂ ಕಡೆ ಆಕಾಶ ತಿಳಿಯಾಗಿತ್ತು. ಎರಡೂ ಕಡೆ ಫಲಕಗಳು ಚೆನ್ನಾಗಿ ಬಂದವು. ಅವುಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಕರೋನದ ಎಳೆಗಳು, ನಡುನಡುವಿನ ಬಿರುಕುಗಳು, ಎಲ್ಲವೂ ಒಂದೇ!

ಇದರ ಅರ್ಥವೇನು, ಯೋಚಿಸಿ. ಬೇಕಲದವರು ನೋಡಿದ್ದು ಕಡಲತೀರದ ಗಾಳಿಯ ಮೂಲಕ. ದೊಡ್ಡಬೆಟ್ಟದವರು ನೋಡಿದ್ದು ಬೆಟ್ಟದ ಗಾಳಿಯ ಮೂಲಕ. ಕರೋನ ಭೂಮಿಯ ಗಾಳಿಯಲ್ಲಿ ಹುಟ್ಟಿದ್ದರೆ ಎರಡು ಚಿತ್ರಗಳೂ ಬೇರೆಬೇರೆಯಾಗಬೇಕಿತ್ತು. ಆಗಲಿಲ್ಲ. 1870ರ ಯುರೋಪಿನ ಗ್ರಹಣದ ಚಿತ್ರಗಳು ಸೂಚಿಸಿದ್ದನ್ನು ಈ ಫಲಕಗಳು ಗಟ್ಟಿ ಮಾಡಿದವು: ಕರೋನ ಸೂರ್ಯನದೇ. ಅದೇ ದಿನ ನೀಲಗಿರಿಯ ಶೋಲೂರಿನಲ್ಲಿದ್ದ ಫ್ರಾನ್ಸಿನ ಜಾನ್ಸೆನ್ ಕರೋನದ ರೋಹಿತದಲ್ಲಿ ಸೂರ್ಯನ ಬೆಳಕಿನ ಕಪ್ಪು ಗೆರೆಗಳನ್ನು ಗುರುತಿಸಿದರು. 1879ರಲ್ಲಿ ರ್‍ಯಾನ್ಯಾರ್ಡ್ ಪ್ರಕಟಿಸಿದ ಗ್ರಹಣಗಳ ಬೃಹತ್ ಸಂಪುಟದಲ್ಲಿ ಬೇಕಲ ಮತ್ತು ದೊಡ್ಡಬೆಟ್ಟದ ಫಲಕಗಳು ಸೇರಿದವು.

ಒಬ್ಬರ ಒಳ್ಳೆಯ ಚಿತ್ರಕ್ಕಿಂತ ಇಬ್ಬರ ಚಿತ್ರಗಳ ಹೋಲಿಕೆ ದೊಡ್ಡ ಸಾಕ್ಷಿ ಎಂಬುದು ಇಲ್ಲಿಯ ಪಾಠ. 148 ವರ್ಷಗಳ ಮೇಲೆ, 2019ರ ಡಿಸೆಂಬರ್ 26ರಂದು, ಕಂಕಣ ಗ್ರಹಣವೊಂದು ಮತ್ತೆ ಕಾಸರಗೋಡು, ನೀಲಗಿರಿಗಳ ಮೇಲೆಯೇ ಹಾದುಹೋಯಿತು. ಮುಂದೆ ಹಾವೇರಿಯಲ್ಲಿ ಪಾರ್ಶ್ವ ಗ್ರಹಣ ಕಂಡಾಗ ನೀವೂ ಒಂದು ಪ್ರಯೋಗ ಮಾಡಬಹುದು. ಕಾಸರಗೋಡಿನ ಗೆಳೆಯನೊಬ್ಬನೊಡನೆ ಮಾತಾಡಿಕೊಂಡು, ಒಂದೇ ಕ್ಷಣದಲ್ಲಿ ಇಬ್ಬರೂ ಚಿತ್ರ ತೆಗೆಯಿರಿ. ಸೂರ್ಯನ ಕಲೆಗಳಿದ್ದರೆ ಅವು ಎರಡರಲ್ಲೂ ಒಂದೇ ಜಾಗದಲ್ಲಿರುತ್ತವೆ; ಚಂದ್ರನ ಅಂಚು ಮಾತ್ರ ಕೊಂಚ ಸರಿದಿರುತ್ತದೆ. ಯಾವುದು ಹತ್ತಿರ, ಯಾವುದು ದೂರ ಎಂಬುದನ್ನು ನಿಮ್ಮ ಚಿತ್ರವೇ ಹೇಳುತ್ತದೆ. ಆದರೆ ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿ. ಕಣ್ಣಿಗೂ ಕ್ಯಾಮೆರಾಕ್ಕೂ ಸರಿಯಾದ ಸೌರ ಶೋಧಕ ಇರಲೇಬೇಕು.

ಬಾಗಿಲು ಮಾತ್ರ ಮುಚ್ಚಿಕೊಳ್ಳಬೇಡಿ.